ಮೊದಲ ಒಂದು ಅಡಿ

ಇಪ್ಪತ್ತಾರು ವರ್ಷ ಕಂಪನಿಯ ಟ್ರ್ಯಾಕಿನಲ್ಲಿ ಕಾರು ಓಡಿಸಿದವನನ್ನು ಒಂದು ಸೋಮವಾರ ಬೆಳಿಗ್ಗೆ ಸೊನ್ನೆ ಪಾಯಿಂಟ್ ಮೂರು ಸೆಕೆಂಡಿನ ಕಾರಣಕ್ಕೆ ಮನೆಗೆ ಕಳಿಸಿದರು. ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ಕಾಲಿನ ಚುರುಕು ತಗ್ಗಿರುವುದು ಅಳತೆಯಿಂದ ಸಾಬೀತಾಗಿದೆ. ಟ್ರ್ಯಾಕಿನ ಕೆಲಸಕ್ಕೆ ತಾವು ಅರ್ಹರಲ್ಲ. ಹೆಲ್ಮೆಟ್ ಮತ್ತು ಬೀರುವಿನ ಕೀಲಿಯನ್ನು ಒಪ್ಪಿಸತಕ್ಕದ್ದು. ಅವನು ಎರಡನ್ನೂ ಒಪ್ಪಿಸಿದ. ಒಪ್ಪಿಸುವ ಮೊದಲು ಹೆಲ್ಮೆಟ್ಟಿನ ಒಳಗಿನ ಬಟ್ಟೆಯನ್ನು ಬಿಚ್ಚಿ, "ಇದು ನನ್ನ ಬೆವರು" ಎಂದು ಹೇಳಿ ಜೇಬಿಗೆ ತುರುಕಿಕೊಂಡ.

ಹನ್ನೊಂದು ದಿನಗಳ ನಂತರ ಮೀಟರಮ್ಮ ಅದೇ ಸೊನ್ನೆ ಪಾಯಿಂಟ್ ಮೂರನ್ನು ಐದನೆಯ ಸಲ ವಿವರಿಸುತ್ತ ಮ್ಯಾನೇಜರನ ಮೇಜಿನ ಮುಂದೆ ನಿಂತಿದ್ದಳು. ಕಾರಿನೊಳಗೆ ಅಳತೆಯ ಯಂತ್ರ ಕೂರಿಸುವುದು, ಅದರ ಅಂಕಿಗಳನ್ನು ಇಳಿಸಿ ಹಾಳೆಗೆ ಬರೆದುಕೊಡುವುದು ಅವಳ ಕೆಲಸ. ಶೆಡ್ಡಿನವರು ಇಟ್ಟ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ ಗೇಟಿನ ಕಾವಲುಗಾರ ಹಾಜರಿ ಪುಸ್ತಕದಲ್ಲೂ ಹಾಗೇ ಬರೆದು ಬೈಸಿಕೊಂಡಿದ್ದ. ಮ್ಯಾನೇಜರನಿಗೂ ಶೆಡ್ಡಿನಲ್ಲಿ ಒಂದು ಹೆಸರಿತ್ತು: ದಶಾಂಶ. ಊಟ ಮುಗಿಸಲು ಹಿಡಿದ ಹೊತ್ತನ್ನೂ ಪಾಯಿಂಟ್ ಸೇರಿಸಿ ಹೇಳುವ ಮನುಷ್ಯ ಅವನು.

"ನೋಡಿ, ಒಂದೇ ಒಂದು ಪ್ರಶ್ನೆ," ಎಂದ ದಶಾಂಶ. "ಹಳೇ ಮೀಟರ್ ಸುಳ್ಳು ಹೇಳ್ತಿತ್ತಾ, ಹೊಸದು ಸುಳ್ಳು ಹೇಳ್ತಿದೆಯಾ?"

"ಎರಡೂ ಇಲ್ಲ ಸಾರ್."

"ಎರಡೂ ನಿಜ ಅಂದ್ರೆ ಎರಡೂ ಒಂದೇ ತೋರಿಸ್ಬೇಕಲ್ಲ?"

"ಎಣಿಸೋಕೆ ಶುರು ಮಾಡೋ ಜಾಗ ಬೇರೆ ಸಾರ್. ನೀವು ಮನೆ ಬಾಗಿಲಿಂದ ಎಣಿಸ್ತೀರಿ, ನಾನು ಗೇಟಿಂದ ಎಣಿಸ್ತೀನಿ. ಆಫೀಸಿಗೆ ಬರೋಕೆ ಎಷ್ಟು ಹೊತ್ತಾಯ್ತು ಅಂದ್ರೆ ಇಬ್ಬರ ಲೆಕ್ಕಾನೂ ಬೇರೆ ಬರುತ್ತೆ. ಇಬ್ಬರೂ ಸುಳ್ಳು ಹೇಳಿಲ್ಲ."

"ನಾನು ಕಾರಲ್ಲಿ ಬರ್ತೀನಿ."

ಮೀಟರಮ್ಮ ತಲೆ ಎತ್ತಿ ಫ್ಯಾನನ್ನು ನೋಡಿದಳು. ಅದು ಮೂರು ರೆಕ್ಕೆಯ ಫ್ಯಾನು, ನಿಧಾನಕ್ಕೆ ತಿರುಗುತ್ತಿತ್ತು, ಅದಕ್ಕೆ ಮಾತು ಬರುತ್ತಿರಲಿಲ್ಲ. ಅದರ ಮೇಲೆ ಅವಳಿಗೆ ಪ್ರೀತಿ ಉಕ್ಕಿತು.

"ಕೆಲಸಗಾರರ ಸಂಘದವರು ಮೇಲಿನ ಆಫೀಸಿಗೆ ಬರೆದಿದ್ದಾರೆ," ಎಂದ ದಶಾಂಶ. "ಮೇಲಿನವರು ಒಂದು ಪುಟ ಕೇಳಿದ್ದಾರೆ. ಅಳತೆ ಸರಿಯಾಗಿದೆ ಅಂತ ಅಳತೆ ಮಾಡೋರೇ ಬರೆದುಕೊಡಬೇಕಂತೆ. ನಾನು ಟೈಪ್ ಮಾಡಿಸ್ತೀನಿ, ನೀವು ಸಹಿ ಹಾಕಿ."

"ಟ್ರ್ಯಾಕಿಗೆ ಬನ್ನಿ ಸಾರ್. ಬಾಯಲ್ಲಿ ಹೇಳೋದು ಬೇಡ, ನೆಲದ ಮೇಲೆ ಗೆರೆ ಎಳೆದು ತೋರಿಸ್ತೀನಿ. ಆಮೇಲೂ ಅರ್ಥ ಆಗ್ಲಿಲ್ಲ ಅಂದ್ರೆ ನನ್ನ ಕೇಳಿ."

ದಶಾಂಶ ಗೋಡೆಯ ಗಡಿಯಾರ ನೋಡಿ, ಕೈಗಡಿಯಾರ ನೋಡಿ, "ನಾಳೆ ಹತ್ತು ಗಂಟೆ ಹನ್ನೆರಡು ನಿಮಿಷ," ಎಂದ.

ಹಳೆಯ ಮೀಟರು ನಿಜಕ್ಕೂ ಮೀಟರೇ ಆಗಿರಲಿಲ್ಲ. ಟ್ರ್ಯಾಕಿನ ಹೊರಡುವ ಗೆರೆಯ ಆಚೆ ಈಚೆ ಮೊಣಕಾಲೆತ್ತರದ ಎರಡು ಕಂಬ, ಒಂದರಿಂದ ಇನ್ನೊಂದಕ್ಕೆ ನೆಲಮಟ್ಟದಲ್ಲಿ ಬೆಳಕಿನ ಒಂದು ಎಳೆ. ಕಾರಿನ ಮುಂದಿನ ಟೈರು ಆ ಎಳೆಗೆ ಅಡ್ಡ ನಿಲ್ಲುತ್ತಿತ್ತು. ಟೈರು ಸರಿದು ಬೆಳಕು ಆಚೆಯ ಕಂಬ ಮುಟ್ಟಿದೊಡನೆ ಗಡಿಯಾರ ಶುರು. ಆದರೆ ಟೈರು ಕಾಗದದ ಹಾಳೆಯಲ್ಲ. ಅಷ್ಟು ದಪ್ಪದ ಉರುಟು ವಸ್ತು ಬೆಳಕಿಗೆ ದಾರಿ ಬಿಡಬೇಕಾದರೆ ಸುಮಾರು ಒಂದು ಅಡಿ ಉರುಳಲೇಬೇಕು. ಆ ಒಂದು ಅಡಿ ಯಾರ ಲೆಕ್ಕದಲ್ಲೂ ಇರಲಿಲ್ಲ. ಕಾರು ಸತ್ತಂತೆ ನಿಂತಲ್ಲಿಂದ ಮೈ ಕೊಡವಿ ಏಳುವ ಅತ್ಯಂತ ನಿಧಾನದ ಒಂದು ಅಡಿ ಅದು. ಇಪ್ಪತ್ತೈದು ವರ್ಷ ಅದು ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತಿತ್ತು, ಯಾರೂ ಅದನ್ನು ಗಮನಿಸಿರಲಿಲ್ಲ.

ಆಮೇಲೆ ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಎಡಗಡೆಯ ಕಂಬವನ್ನು ಕೆಡವಿತು. ಕಂಬ ನೆಡುವ ಬದಲು ಕಾರಿನೊಳಗೇ ಇಡುವ ಮೀಟರು ತರಿಸೋಣ ಎಂದಾಯಿತು. ಮೂರು ಪೆಟ್ಟಿಗೆ ಬಂದವು, ಒಂದನ್ನು ಆರಿಸು ಎಂದು ಮೀಟರಮ್ಮನಿಗೆ ಹೇಳಿದರು. ಮೊದಲನೆಯದು ಗಾಜಿಗೆ ಅಂಟಿಸುವಂಥದ್ದು. ಕಾರಿನ ಎಳೆತವನ್ನು ಮೈಯಲ್ಲೇ ಅನುಭವಿಸಿ ವೇಗ ಲೆಕ್ಕ ಹಾಕುತ್ತಿತ್ತು. ಆದರೆ ಜೋರಾಗಿ ಹೊರಟ ಕಾರು ಮೂತಿ ಎತ್ತಿದರೆ ಆ ವಾಲಿಕೆಯನ್ನೂ ಓಟವೆಂದೇ ತಿಳಿದು ಹಿಗ್ಗುತ್ತಿತ್ತು. ಎರಡನೆಯದನ್ನು ಸ್ಟಿಯರಿಂಗಿನ ಕೆಳಗಿನ ತೂತಿಗೆ ಚುಚ್ಚಬೇಕು. ಅದು ಕಾರಿನ ವೇಗವನ್ನು ಕಾರಿನ ಬಾಯಿಂದಲೇ ಕೇಳುತ್ತಿತ್ತು; ಟೈರು ಸವೆದಷ್ಟೂ ಕಾರು ಜಂಬ ಕೊಚ್ಚುತ್ತಿತ್ತು. ಮೂರನೆಯದು ಉಪಗ್ರಹಗಳನ್ನು ನೋಡುವಂಥದ್ದು. ಚಾವಣಿಯ ಮೇಲೆ ಬೆಂಕಿಪೊಟ್ಟಣದಷ್ಟು ಆಂಟೆನಾ, ಒಳಗೆ ಅಂಗೈಯಗಲದ ತೆರೆ, ಸೆಕೆಂಡಿಗೆ ಇಪ್ಪತ್ತೈದು ಸಲ ನಾನು ಎಲ್ಲಿದ್ದೇನೆ ಎಂದು ಆಕಾಶವನ್ನು ಕೇಳುತ್ತಿತ್ತು. ಒಂಬತ್ತು ದಿನ ಮೂರನ್ನೂ ಒಂದೇ ಕಾರಿಗೆ ಕಟ್ಟಿಕೊಂಡು ಓಡಿಸಿ ನೋಡಿ ಅವಳು ಮೂರನೆಯದನ್ನು ಆರಿಸಿದಳು.

ಆ ಒಂಬತ್ತು ದಿನವೂ ಕಾರು ಓಡಿಸಿದವನು ಅವಳ ಭಾವ. ಶೆಡ್ಡಿನವರ ಬಾಯಲ್ಲಿ ಗೇರಣ್ಣ. ಅವಳನ್ನು ಈ ಕೆಲಸಕ್ಕೆ ಕರೆತಂದವನೂ ಅವನೇ.

ಮೀಟರು ಆರಿಸಿದ ಮೇಲೆ ಅವಳು ನಾಲ್ಕು ಪುಟದ ಟಿಪ್ಪಣಿ ಬರೆದು ಕೊಟ್ಟಿದ್ದಳು. ಕೊನೆಯ ಸಾಲು ಹೀಗಿತ್ತು: ಹೊಸ ಮೀಟರು ಚಕ್ರ ಅಲುಗಿದ ಕ್ಷಣದಿಂದಲೇ ಎಣಿಸುತ್ತದೆ, ಆದ್ದರಿಂದ ಹಳೆಯ ಅಂಕಿಗಳ ಜೊತೆ ಹೋಲಿಸಬಾರದು; ಹೋಲಿಸಲೇಬೇಕಿದ್ದರೆ ಒಂದು ಅಡಿ ಬಿಟ್ಟು ಎಣಿಸುವ ಗುಂಡಿ ಒತ್ತಿಕೊಳ್ಳಬೇಕು. ಅದರ ಕೆಳಗೆ ದಶಾಂಶನ ಸಹಿ ಬಿದ್ದಿತ್ತು. ಸಹಿ ಹಾಕುವವರು ಪುಟ ಓದಿರಬೇಕೆಂದು ಎಲ್ಲೂ ಬರೆದಿಲ್ಲವಲ್ಲ.

ವರ್ಷಕ್ಕೊಮ್ಮೆ ಡ್ರೈವರುಗಳ ಪರೀಕ್ಷೆ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಹತ್ತು ಸಲ. ಒಬ್ಬೊಬ್ಬನದನ್ನೂ ಅವನದೇ ಹಿಂದಿನ ವರ್ಷದ ಅಂಕಿಯ ಜೊತೆ ಹೋಲಿಸುತ್ತಾರೆ. ಕಾಲು ಸೆಕೆಂಡಿಗಿಂತ ಹೆಚ್ಚು ಹಿಂದೆ ಬಿದ್ದರೆ ಅನರ್ಹ. ಟ್ರ್ಯಾಕಿನಲ್ಲಿದ್ದವರು ಮೂವರು. ಇಬ್ಬರು ಹೊಸ ಮೀಟರು ಬಂದ ಮೇಲೆ ಸೇರಿದವರು, ಹಿಂದಿನ ಅಂಕಿ ಇಲ್ಲದವರು. ಹಳೆಯ ದಾಖಲೆ ಇದ್ದವನು ಗೇರಣ್ಣನೊಬ್ಬನೇ. ಹತ್ತು ಪಾಯಿಂಟ್ ನಾಲ್ಕು ಇದ್ದದ್ದು ಹತ್ತು ಪಾಯಿಂಟ್ ಏಳು ಆಗಿತ್ತು. ಆ ಹಾಳೆಯನ್ನು ದಶಾಂಶನ ಮೇಜಿನ ಮೇಲೆ ಇಟ್ಟು ಬಂದವಳು ಮೀಟರಮ್ಮನೇ. ಟಿಪ್ಪಣಿಯ ಕೊನೆಯ ಸಾಲು ಓದಿಕೊಂಡಿರುತ್ತಾರೆ ಎಂದು ನಂಬಿ, ಹಾಯಾಗಿ ಚಹಾ ಕುಡಿಯಲು ಹೋಗಿದ್ದಳು.

ಸಂಜೆ ಅವಳು ಮನೆಗೆ ಬಂದಾಗ ಅಕ್ಕ ಊಟದ ಮೇಜಿನ ಪಕ್ಕ ಸ್ಟೂಲಿನ ಮೇಲೆ ನಿಂತಿದ್ದಳು. ಕೈಯಲ್ಲಿ ಮರದ ಸ್ಕೇಲು. ಕೆಳಗೆ ಭಾವ ಕುರ್ಚಿಯಲ್ಲಿ ಕುಳಿತು, ಹೆಬ್ಬೆರಳು ತೋರುಬೆರಳನ್ನು ಸ್ಕೇಲಿನ ತುದಿಗೆ ಹಿಡಿದು, ಕಣ್ಣು ಮಿಟುಕಿಸದೆ ಕಾಯುತ್ತಿದ್ದ. ಮೀಟರಮ್ಮ ಇದ್ದದ್ದು ಅಕ್ಕನ ಮನೆಯ ಮಾಳಿಗೆಯ ಕೋಣೆಯಲ್ಲೇ ಆದ್ದರಿಂದ ಈ ಆಟ ಅವಳಿಗೆ ಹೊಸದಲ್ಲ. ಅಕ್ಕ ಸ್ಕೇಲು ಬಿಡಬೇಕು, ಅದು ಬೀಳುವಾಗ ಭಾವ ಹಿಡಿಯಬೇಕು. ಎಷ್ಟು ಕಡಿಮೆ ಸೆಂಟಿಮೀಟರಿಗೆ ಹಿಡಿದನೋ ಅಷ್ಟು ಅವನ ಚುರುಕು.

"ಬಿಡ್ಲಾ?" ಎಂದಳು ಅಕ್ಕ.

"ಕೇಳಬೇಡ ಕಣೇ, ಬಿಡು! ಕೇಳಿದ್ರೆ ನನಗೆ ಗೊತ್ತಾಗಲ್ವಾ?"

ಅಕ್ಕ ಬಿಟ್ಟಳು. ಭಾವ ಹಿಡಿದ. ಬೆರಳು ಹದಿನೇಳರ ಮೇಲಿತ್ತು. ಗೋಡೆಯ ಕ್ಯಾಲೆಂಡರಿನ ಇವತ್ತಿನ ಚೌಕದಲ್ಲಿ ಹದಿನೇಳು ಎಂದು ಬರೆದ. ಆ ಚೌಕದಲ್ಲಿ ಜಾಗವೇ ಉಳಿದಿರಲಿಲ್ಲ.

"ಬೆಳಿಗ್ಗೆಯಿಂದ ನಲವತ್ತು ಸಲ ಬಿಟ್ಟಿದ್ದೀನಿ ಪುಟ್ಟಿ," ಎಂದು ಅಕ್ಕ ಸ್ಟೂಲಿನಿಂದ ಇಳಿದಳು. "ನಿನ್ನ ಭಾವನಿಗೆ ಚುರುಕು ಬರೋ ಹೊತ್ತಿಗೆ ನನ್ನ ಭುಜ ಕಳಚಿ ಕೈಗೆ ಬರುತ್ತೆ. ಒಲೆ ಮೇಲೆ ಹಾಲಿಟ್ಟಿದ್ದೆ, ಅದೂ ಉಕ್ಕಿ ಹೋಯ್ತು. ಅದನ್ನ ಹಿಡಿಯೋಕೆ ಯಾರಿಗೂ ಚುರುಕಿಲ್ಲ ಈ ಮನೇಲಿ."

ಮೇಜಿನ ಕೆಳಗೆ ಟಕ್ ಟಕ್ ಸದ್ದು ಶುರುವಾಯಿತು. ಭಾವ ಬಲಗಾಲಿನಲ್ಲಿ ಮೇಜಿನ ಅಡ್ಡಪಟ್ಟಿಯನ್ನು ಒತ್ತಿ ಬಿಡುತ್ತಿದ್ದ, ಆಕ್ಸಿಲರೇಟರ್ ಒತ್ತಿದಂತೆ. ಲೋಟಗಳು ಅದುರಿದವು.

"ಭಾವ, ನಿಲ್ಲಿಸಿ. ನಿಮ್ಮ ಕಾಲಿಗೆ ಏನೂ ಆಗಿಲ್ಲ. ಎಷ್ಟು ಸಲ ಹೇಳ್ಬೇಕು ನಾನು?"

"ನೀನೇ ಆರಿಸಿದ ಮೀಟರ್ ಅಮ್ಮಾ. ಇದೊಂದು ಸುಳ್ಳು ಹೇಳಲ್ಲ ಭಾವ ಅಂತ ನೀನೇ ಹೇಳಿದ್ದೆ. ಅದಕ್ಕೇನು ನನ್ನ ಮೇಲೆ ಹಗೆ ಇದೆಯಾ?"

"ಸುಳ್ಳು ಹೇಳ್ತಿಲ್ಲ. ಮೊದಲನೇ ಅಡಿಯಿಂದ ಎಣಿಸ್ತಿದೆ. ಹಳೇದು ಒಂದು ಅಡಿ ಬಿಟ್ಟು ಎಣಿಸ್ತಿತ್ತು. ಸುತ್ತಿನ ಸಮಯ ನೋಡಿ. ಓಡ್ತಾನೇ ಗೆರೆ ದಾಟಿ ಪೂರ್ತಿ ಟ್ರ್ಯಾಕ್ ಸುತ್ತಿ ಬರೋ ಸಮಯ. ಹೋದ ವರ್ಷ ಒಂದು ನಿಮಿಷ ನಲವತ್ತೆಂಟು ಪಾಯಿಂಟ್ ಎರಡು, ಈ ವರ್ಷಾನೂ ಅಷ್ಟೇ. ಕಾಲು ನಿಧಾನ ಆಗಿದ್ರೆ ಹದಿನಾಲ್ಕು ತಿರುವಿನಲ್ಲಿ ಒಂದರಲ್ಲಾದ್ರೂ ಗೊತ್ತಾಗ್ಬೇಕಿತ್ತಲ್ಲ?"

"ಸಮಾಧಾನಕ್ಕೆ ಹೇಳ್ತೀಯ."

"ಅಯ್ಯೋ! ಅಂಕಿ ಭಾವ ಅದು, ಅಂಕಿ!"

"ಹಂಗಾದ್ರೆ ಅವರು ಕಾಗದದ ಮೇಲೆ ಬರೆದುಕೊಡ್ಲಿ," ಎಂದ ಭಾವ, ಸದ್ದು ನಿಲ್ಲಿಸದೆ. "ಕಾಲು ಹೋಗಿದೆ ಅಂತ ಬರೆದುಕೊಟ್ಟಿದ್ದಾರಲ್ಲ. ಹೋಗಿಲ್ಲ ಅಂತಾನೂ ಬರೆದುಕೊಡ್ಲಿ. ನೀನು ಮನೆ ಹುಡುಗಿ, ನೀನು ಬಾಯಲ್ಲಿ ಹೇಳಿದ್ರೆ ಅದು ಬರೀ ಅಕ್ಕರೆ ಆಗುತ್ತೆ." ಅದುರುತ್ತಿದ್ದ ಲೋಟವೊಂದನ್ನು ಹಿಡಿದು, "ಹಾಗಂತ ನೀನು ಹೋಗಿ ಜಗಳ ಕಾಯಬೇಡ. ಒಂದೇ ಮನೆಯಿಂದ ಇಬ್ಬರು ಹೊರಗೆ ಬೀಳೋದು ಬೇಡ," ಎಂದ.

ಅಡುಗೆಮನೆಯಲ್ಲಿ ಅಕ್ಕ ಒಲೆ ಒರೆಸುತ್ತ, ಹಿಂದೆ ಬಂದು ನಿಂತ ತಂಗಿಗೆ ಮುಖ ತಿರುಗಿಸದೆ ಹೇಳಿದಳು: "ನಿನ್ನೆ ಔಷಧಿ ಅಂಗಡಿಗೆ ಹೋಗಿದ್ವಿ. ರಸ್ತೆ ದಾಟೋವಾಗ ನನ್ನ ಮೊಣಕೈ ಹಿಡ್ಕೊಂಡ್ರು ಕಣೇ. ಗಟ್ಟಿಯಾಗಿ. ಒಂದು ಸೈಕಲ್ ಬರ್ತಿತ್ತು ಅಷ್ಟೇ, ದೂರದಲ್ಲಿ. ಅದು ಹೋಗ್ಲಿ ಅಂತ ನಿಂತ್ರು."

ಒಲೆ ಆಗಲೇ ಒಣಗಿ ಹೊಳೆಯುತ್ತಿತ್ತು. ಅಕ್ಕ ಇನ್ನೂ ಒರೆಸುತ್ತಿದ್ದಳು.

ಮರುದಿನ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ದಶಾಂಶ ಛತ್ರಿ ಬಿಡಿಸಿಕೊಂಡು ಟ್ರ್ಯಾಕಿಗೆ ಬಂದ. ಕಂಕುಳಲ್ಲಿ ಒಂದು ಫೈಲು. ಮುಂದಿನ ತಿಂಗಳು ಮಾರಾಟಕ್ಕೆ ಬರಬೇಕಿದ್ದ ಕೆಂಪು ಕಾರು ಹೊರಡುವ ಗೆರೆಯ ಮೇಲೆ ನಿಂತಿತ್ತು. ಹೇಗೂ ಇವತ್ತು ಅದರ ವೇಗ ಅಳೆಯುವುದಿತ್ತು. ಸ್ಟಿಯರಿಂಗಿನ ಮುಂದೆ ಹೊಸ ಡ್ರೈವರ್, ಮಾತು ಕಡಿಮೆ, ಏನನ್ನೋ ಅಗಿಯುತ್ತಲೇ ಇರುವ ಮೂವತ್ತರ ಗಂಡಸು. ಗೇರಣ್ಣನ ಹೆಲ್ಮೆಟ್ಟು ಈಗ ಅವನ ತಲೆಯ ಮೇಲಿತ್ತು, ಹೊಸ ಬಟ್ಟೆ ಹೊಲಿಸಿಕೊಂಡು.

ಮೀಟರಮ್ಮ ಟಾರಿನ ಮೇಲೆ ಮಂಡಿಯೂರಿ ಮುಂದಿನ ಟೈರು ನೆಲ ಮುಟ್ಟಿದ ಜಾಗಕ್ಕೆ ಸರಿಯಾಗಿ ಸೀಮೆಸುಣ್ಣದ ಗೆರೆ ಎಳೆದಳು. ಒಂದು ಅಡಿ ಮುಂದೆ ಇನ್ನೊಂದು ಗೆರೆ. ಎರಡರ ನಡುವಿನ ಜಾಗವನ್ನು ಪೂರ್ತಿ ಬಿಳಿ ಬಳಿದಳು. ಬಿಸಿ ಟಾರು ಬಟ್ಟೆಯ ಮೇಲಿಂದಲೇ ಮಂಡಿಗೆ ತಾಗುತ್ತಿತ್ತು.

"ಈ ಮೊದಲನೇ ಗೆರೆಯಿಂದ ಹೊಸ ಮೀಟರ್ ಎಣಿಸುತ್ತೆ ಸಾರ್. ಆ ಎರಡನೇ ಗೆರೆಯಿಂದ ಹಳೇ ಕಂಬ ಎಣಿಸ್ತಿತ್ತು. ನಡುವೆ ಇರೋ ಈ ಬಿಳಿ ಪಟ್ಟಿನೇ ಸೊನ್ನೆ ಪಾಯಿಂಟ್ ಮೂರು. ಈಗ ಡ್ರೈವರ್ ಯಾರಾದ್ರೂ ಆಗ್ಲಿ, ನಮ್ಮ ಭಾವ ಆಗ್ಲಿ, ಇವರಾಗ್ಲಿ, ನೀವೇ ಆಗ್ಲಿ, ಈ ಪಟ್ಟಿ ದಾಟೋಕೆ ಅಷ್ಟು ಹೊತ್ತು ಬೇಕೇ ಬೇಕು."

ಅವಳು ಕೈ ಎತ್ತಿದೊಡನೆ ಡ್ರೈವರ್ ಜೋರಾಗಿ ಹೊರಟು ಐವತ್ತು ಅಡಿ ಆಚೆ ನಿಲ್ಲಿಸಿದ. ಹಿಂದಕ್ಕೆ ತಂದ. ಗುಂಡಿ ಒತ್ತಿ ಒಮ್ಮೆ, ಒತ್ತದೆ ಒಮ್ಮೆ, ಮತ್ತೆ ಒತ್ತಿ, ಮತ್ತೆ ಒತ್ತದೆ. ಪ್ರತಿ ಸಲವೂ ಅವಳು ಕಿಟಕಿಯೊಳಗೆ ಕೈಹಾಕಿ ಮೀಟರನ್ನು ಹೊರಗೆ ತೆಗೆದು ಅಂಕಿ ತೋರಿಸಿದಳು. ಎರಡು ಜೋಡಿಯಲ್ಲೂ ಒತ್ತಿದ್ದಕ್ಕೂ ಒತ್ತದ್ದಕ್ಕೂ ವ್ಯತ್ಯಾಸ ಅದೇ ಸೊನ್ನೆ ಪಾಯಿಂಟ್ ಮೂರು. ದಶಾಂಶ ಛತ್ರಿ ಮಡಚಿ, ಬಗ್ಗಿ, ಜೇಬಿನಿಂದ ಟೇಪು ತೆಗೆದು ಬಿಳಿ ಪಟ್ಟಿಯನ್ನು ಅಳೆದ.

"ಮೂವತ್ತು ಪಾಯಿಂಟ್ ಐದು ಸೆಂಟಿಮೀಟರ್," ಎಂದ. "ಸ್ಪಷ್ಟವಾಗಿದೆ. ತುಂಬಾ ಚೆನ್ನಾಗಿ ಹೇಳಿದ್ರಿ."

ಮೀಟರಮ್ಮನಿಗೆ ಹನ್ನೆರಡು ದಿನಗಳಲ್ಲಿ ಮೊದಲ ಬಾರಿಗೆ ಪೂರ್ತಿ ಉಸಿರು ಬಂತು. ಅಬ್ಬಾ ಎಂದುಕೊಂಡಳು. ಇಷ್ಟೇ ಬೇಕಿದ್ದದ್ದು, ಒಂದು ಸೀಮೆಸುಣ್ಣ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. "ಹಾಗಾದ್ರೆ ಪತ್ರ ವಾಪಸ್ ತಗೋತೀರಲ್ಲ ಸಾರ್?"

ದಶಾಂಶ ಫೈಲು ತೆರೆದು ಟೈಪು ಮಾಡಿದ ಹಾಳೆಯೊಂದನ್ನು ತೆಗೆದು ಬಾನೆಟ್ಟಿನ ಮೇಲೆ ಇಟ್ಟ. ಪೆನ್ನಿನ ಮುಚ್ಚಳ ತೆಗೆದು ಅದರ ಪಕ್ಕ ಇಟ್ಟ. ಹಾಳೆಯಲ್ಲಿ ಹಳೆಯ ಮತ್ತು ಹೊಸ ಮೀಟರುಗಳ ಅಳತೆಯ ಕ್ರಮ ಒಂದೇ ಆಗಿದ್ದು, ಎರಡರ ಅಂಕಿಗಳನ್ನು ನೇರವಾಗಿ ಹೋಲಿಸಬಹುದೆಂದು ದೃಢೀಕರಿಸುತ್ತೇನೆ ಎಂದಿತ್ತು.

"ಸಾರ್, ಈಗ ತಾನೇ ತೋರಿಸಿದ್ನಲ್ಲ!"

"ತೋರಿಸಿದ್ರಿ. ನಿಮ್ಮ ಟಿಪ್ಪಣಿಯಲ್ಲೇ ಬರೆದಿದ್ರಿ, ನಾಲ್ಕನೇ ಪುಟ, ಕೊನೇ ಸಾಲು. ನಾನು ಓದದೆ ಯಾವ ಕಾಗದಕ್ಕೂ ಸಹಿ ಹಾಕಲ್ಲ."

"ಮೊದಲೇ ಗೊತ್ತಿತ್ತಾ ನಿಮಗೆ?"

"ಮೂರು ಜನ ಡ್ರೈವರ್ ಜಾಗದಲ್ಲಿ ಇಬ್ಬರು ಸಾಕು ಅಂತ ಮೇಲಿಂದ ಬಂದಿತ್ತು. ನಿಯಮ ಇತ್ತು, ಅಂಕಿ ಇತ್ತು. ನಾನು ಒಂದು ಅಂಕಿಯನ್ನೂ ತಿದ್ದಿಲ್ಲ ನೋಡಿ."

"ಮತ್ತೆ ಐದೈದು ಸಲ ಯಾಕೆ ನನ್ನಿಂದ ಹೇಳಿಸಿದ್ರಿ?"

"ಸಂಘದವರ ಮುಂದೆ ನೀವು ಇದನ್ನ ಎಷ್ಟು ಚೆನ್ನಾಗಿ ಹೇಳಬಲ್ಲಿರಿ ಅಂತ ನನಗೆ ಗೊತ್ತಾಗಬೇಕಿತ್ತು." ಅವನು ಛತ್ರಿಯನ್ನು ಮತ್ತೆ ಬಿಡಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಬಿಸಿಲಿನ ಬೇಸರವಷ್ಟೇ ಇತ್ತು. "ಅವರು ನಿಮ್ಮ ಭಾವ ಅನ್ನೋದೂ ಎಲ್ಲರಿಗೂ ಗೊತ್ತು. ನೀವು ಏನೇ ಹೇಳಿದ್ರೂ ಭಾವನಿಗೋಸ್ಕರ ಹೇಳಿದ್ರು ಅಂತಾರೆ. ಸುಮ್ಮನೆ ಸಹಿ ಹಾಕಿ. ಆಮೇಲೆ ಈ ಕೆಂಪು ಕಾರಿನ ಓಟ ಮುಗಿಸಿಬಿಡಿ. ಇದಕ್ಕೆ ಮಾತ್ರ ಆ ಗುಂಡಿ ಒತ್ತಿಕೊಳ್ಳಿ."

"ಯಾವ ಗುಂಡಿ?"

"ಅದೇ, ಒಂದು ಅಡಿ ಬಿಡೋದು. ಜಾಹೀರಾತಿನಲ್ಲಿ ಎಂಟು ಸೆಕೆಂಡಿನ ಒಳಗೆ ಬರಬೇಕು. ಎಲ್ಲ ಕಂಪನಿಯವರೂ ಒಂದು ಅಡಿ ಬಿಟ್ಟೇ ಹೇಳೋದು, ಅದು ವಾಡಿಕೆ."

"ಕಾರಿಗೆ ಬಿಡ್ತೀರಿ."

"ಕಾರನ್ನ ಮಾರಬೇಕಲ್ಲಮ್ಮ," ಎಂದು ಹೇಳಿ ದಶಾಂಶ ಟ್ರ್ಯಾಕಿನ ಪಕ್ಕದ ಗಾಜಿನ ಕೋಣೆಯ ನೆರಳಿಗೆ ನಡೆದ. ಬಿಳಿ ಪಟ್ಟಿಯನ್ನು ತುಳಿಯದೆ ದಾಟಿದ. ಅಚ್ಚುಕಟ್ಟಿನ ಮನುಷ್ಯ.

ಮೀಟರಮ್ಮ ಬಾನೆಟ್ಟಿನ ಮುಂದೆ ನಿಂತಳು. ಗಾಳಿಗೆ ಹಾಳೆಯ ಮೂಲೆ ಏಳುತ್ತಿತ್ತು. ಪೆನ್ನು ಮುಟ್ಟಲಿಲ್ಲ. ಉಳಿದಿದ್ದ ಸೀಮೆಸುಣ್ಣದ ತುಂಡನ್ನು ಹಾಳೆಯ ನಡುವೆ ಇಟ್ಟು, ಬಾಗಿಲು ತೆಗೆದು ಡ್ರೈವರನ ಪಕ್ಕ ಕುಳಿತಳು. ಬೆಲ್ಟು ಹಾಕಿಕೊಂಡಳು. ಮೀಟರಿನಲ್ಲಿ ಹನ್ನೊಂದು ಉಪಗ್ರಹ ಸಿಕ್ಕಿವೆ ಎಂಬ ಹಸಿರು ಚುಕ್ಕಿ. ಗುಂಡಿ ಅವಳ ಹೆಬ್ಬೆರಳಿನಿಂದ ಎರಡು ಇಂಚು ದೂರದಲ್ಲಿತ್ತು.

ಡ್ರೈವರ್ ಅಗಿಯುವುದನ್ನು ನಿಲ್ಲಿಸಿದ್ದ. ಕಿಟಕಿ ತೆರೆದೇ ಇದ್ದುದರಿಂದ ಎಲ್ಲವೂ ಕೇಳಿಸಿತ್ತು. "ಮೇಡಂ," ಎಂದ ಮೆಲ್ಲಗೆ, "ಮುಂದಿನ ವರ್ಷ ಇನ್ನೂ ಹೊಸ ಮೀಟರ್ ಏನಾದ್ರೂ ಬರುತ್ತಾ?"

"ಬಂದ್ರೂ ಬರಬಹುದು."

"ಆಗ ನನ್ನದೂ ಹಳೇ ಅಂಕಿ ಆಗಿರುತ್ತಲ್ಲ."

ಅವಳು ಉತ್ತರ ಕೊಡುವ ಮೊದಲೇ ವಾಕಿಟಾಕಿ ಕರಕರ ಎಂದಿತು. ಗಾಜಿನ ಹಿಂದೆ ದಶಾಂಶ ಕುಳಿತಿರುವುದು ಕಾಣುತ್ತಿತ್ತು. ಅವನ ಹಿಂದೆ ಗೇರಣ್ಣನ ಖಾಲಿ ಬೀರು, ಅದರ ಬಾಗಿಲಿಗೆ ತೂಗುಬಿಟ್ಟ ಕೀಲಿ. "ಸಹಿ ಆಯ್ತಾ? ಗುಂಡಿ ಒತ್ತಿದ್ರಾ? ಹೊರಡಿ, ಹತ್ತೂ ಐವತ್ತಾಯ್ತು."

ಮೀಟರಮ್ಮ ವಾಕಿಟಾಕಿಯನ್ನು ಬಾಯಿಯ ಹತ್ತಿರ ಹಿಡಿದಳು. ಮಂಡಿಯ ಮೇಲೆ ಸೀಮೆಸುಣ್ಣದ ಎರಡು ಉರುಟು ಗುರುತು ಹಾಗೇ ಇದ್ದವು.

"ಒತ್ತಲ್ಲ ಸಾರ್. ಸಹಿನೂ ಹಾಕಲ್ಲ."

"ಏನು? ಸರಿಯಾಗಿ ಕೇಳಿಸ್ತಿಲ್ಲ."

"ಕೇಳಿಸ್ತಿದೆ ನಿಮಗೆ," ಎಂದಳು.

ಡ್ರೈವರ್ ಗೇರನ್ನು ನ್ಯೂಟ್ರಲಿಗೆ ತಂದು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಎಂಜಿನ್ನು ಮಾತ್ರ ಗೊಣಗುತ್ತಿತ್ತು. ಮೀಟರಿನ ತೆರೆಯ ಮೇಲೆ ಸೊನ್ನೆಗಳು ಅಲುಗಲಿಲ್ಲ. ಮುಂದಿನ ಗಾಜಿನಾಚೆ, ಸೀಮೆಸುಣ್ಣದ ತುಂಡಿನ ಕೆಳಗೆ ಆ ಹಾಳೆ ಎಂಜಿನ್ನಿನ ನಡುಕಕ್ಕೆ ಸಣ್ಣಗೆ ಅದುರುತ್ತ, ಕೆಂಪು ಬಾನೆಟ್ಟಿನ ಇಳಿಜಾರಿನಲ್ಲಿ ಬಿಳಿ ಪಟ್ಟಿಯ ಕಡೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರುತ್ತಿತ್ತು.